ಬಟ್ಟೆ ಡೈಪರ್‌ಗೆ ಹೆಂಪ್: ಹೊಲಿಯುವ ಮುನ್ನ ತಿಳಿಯತಕ್ಕದ್ದು

ಹಳೆಯ ಪಂಚೆ, ಹತ್ತಿ ಸೀರೆಗಳ ತುಂಡುಗಳೇ ನಮ್ಮ ಮನೆಗಳಲ್ಲಿ ಕೂಸಿನ ಲಂಗೋಟಿಗಳಾಗಿದ್ದ ಕಾಲವೊಂದಿತ್ತು. ಹತ್ತಾರು ಬಾರಿ ಒಗೆದು ಮೆತ್ತಗಾದ ಬಟ್ಟೆಯೇ ತೇವವನ್ನು ಚೆನ್ನಾಗಿ ಹೀರುತ್ತದೆಂಬುದು ಅಜ್ಜಿಯರಿಗೆ ತಿಳಿದ ವಿಷಯ. ಆ ಸ್ಥಾನವನ್ನು ಬಿಸಾಡುವ ಡೈಪರ್‌ಗಳು ಆಕ್ರಮಿಸಿಕೊಂಡವು. ಈಗ ಒಗೆದು ಮರುಬಳಸುವ ಡೈಪರ್‌ಗಳು ಮತ್ತೆ ಅಂಗಡಿ ಸೇರುತ್ತಿವೆ. ಇವುಗಳಲ್ಲಿ ಹೆಂಪ್ ಬಟ್ಟೆಯ ಒಳಪದರವೆಂದರೆ ದುಬಾರಿ ದರ್ಜೆಯ ಸರಕು. ಸಣ್ಣ ಹೊಲಿಗೆ ಘಟಕಗಳಿಗೆ ಇಲ್ಲಿ ಅವಕಾಶವಿದೆ. ಬಟ್ಟೆಯ ಸ್ವಭಾವ ತಿಳಿಯದೆ ಹೊಲಿದವರಿಗೆ ಮಾಲು ಹಿಂದಿರುಗಿ ಬರುವ ಅಪಾಯವೂ ಅಷ್ಟೇ ಇದೆ.

ಮೊದಲು ಹೆಸರಿನ ಗೊಂದಲ ನಿವಾರಿಸಿಕೊಳ್ಳಬೇಕು. ಕನ್ನಡದಲ್ಲಿ 'ಸೆಣಬು' ಎಂಬ ಮಾತು ಗೋಣಿಚೀಲದ ನಾರಿಗೂ, ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಗಿಡಕ್ಕೂ ಸಲ್ಲುತ್ತದೆ. ಹೆಂಪ್ ಇವೆರಡೂ ಅಲ್ಲ. ಅದು ಕ್ಯಾನಬಿಸ್ ಸಟೈವಾ ಗಿಡದ ಕಾಂಡದ ತೊಗಟೆಯಿಂದ ದೊರೆಯುವ ನಾರು. ಸುಂಕದ ಪಟ್ಟಿಯಲ್ಲಿ ಹೆಂಪ್ ನಾರಿನ ಶೀರ್ಷಿಕೆ 5302, ಗೋಣಿ ನಾರಿನದು 5303. 1985ರ ಮಾದಕ ವಸ್ತು ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಚರಸ್ ಎಂದರೆ ಅದರ ಅಂಟು. ನಾರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರಕಾರವು ಅನುಮತಿ ನೀಡಬಹುದೆಂದು ಅದೇ ಕಾಯ್ದೆಯ 14ನೇ ಕಲಮು ಹೇಳುತ್ತದೆ. ಉತ್ತರಾಖಂಡವು 2018ರಲ್ಲಿ ಇಂತಹ ಪರವಾನಗಿ ನೀಡಿತು. ಬಟ್ಟೆ ಮಾತ್ರ ಬಹುಕಾಲದಿಂದ ಮುಖ್ಯವಾಗಿ ಚೀನಾದ ಗಿರಣಿಗಳದ್ದು.

ಹೀರುವ ಪರಿ

ಡೈಪರ್‌ಗೆ ಬಳಸುವುದು ಸಾಮಾನ್ಯವಾಗಿ ಶುದ್ಧ ಹೆಂಪ್ ಅಲ್ಲ, ಶೇ. 55 ಹೆಂಪ್, ಶೇ. 45 ಹತ್ತಿ ಬೆರೆಸಿ ಹೆಣೆದ ಫ್ಲೀಸ್ ಅಥವಾ ಜರ್ಸಿ ಬಟ್ಟೆ. ಇದರ ಗುಣವೂ ದೋಷವೂ ಒಂದೇ ಕಡೆ ಇವೆ. ಇದು ತೇವವನ್ನು ನಿಧಾನವಾಗಿ ಹೀರುತ್ತದೆ. ಹೀರಿದ್ದನ್ನು ತೆಳುವಾದ ಪದರದಲ್ಲೇ ಹಿಡಿದಿಡುತ್ತದೆ. ಮೈಕ್ರೋಫೈಬರ್ ಇದಕ್ಕೆ ತದ್ವಿರುದ್ಧ: ಥಟ್ಟನೆ ಹೀರಿ, ಒತ್ತಿದೊಡನೆ ಬಿಟ್ಟುಕೊಡುತ್ತದೆ. ಆದುದರಿಂದ ಹೆಂಪನ್ನು ಮೇಲ್ಪದರವಾಗಿಸಕೂಡದು. ಮೇಲೆ ಬೇಗ ಹೀರುವ ಹತ್ತಿ, ಅದರಡಿ ಹೆಂಪ್, ಹೊರಗೆ ನೀರು ಸೋರದ ಕವಚ. ಈ ಕ್ರಮ ತಪ್ಪಿದರೆ ಮೂತ್ರವು ಹೀರಲ್ಪಡುವ ಮುನ್ನವೇ ತೊಡೆಯ ಪಕ್ಕದಿಂದ ಹರಿಯುತ್ತದೆ, ದೂರು ಹೊಲಿದವರ ಮೇಲೆ ಬರುತ್ತದೆ.

ಹೊಸ ಹೆಂಪ್ ಬಟ್ಟೆಯ ಮೇಲೆ ಹನಿ ನೀರು ಹಾಕಿ ನೋಡಿರಿ. ಅದು ಮಣಿಯಂತೆ ನಿಲ್ಲಬಹುದು. ನಾರಿನಲ್ಲಿ ಉಳಿದಿರುವ ಜಿಡ್ಡು ಕಳೆಯಲು ಬಿಸಿನೀರಿನಲ್ಲಿ ಹಲವು ಬಾರಿ ಒಗೆಯಬೇಕು. ಇದನ್ನು ಕಾರ್ಖಾನೆಯಲ್ಲೇ ಮಾಡುವುದು ಲೇಸು, ಇಲ್ಲವೇ ಚೀಟಿಯಲ್ಲಿ ಕನ್ನಡದಲ್ಲಿಯೂ ಸ್ಪಷ್ಟವಾಗಿ ಮುದ್ರಿಸಬೇಕು. ಒಗೆದಾಗ ಬಟ್ಟೆ ಕುಗ್ಗುವುದರಿಂದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿರಿ: ಶೇ. 10 ಕುಗ್ಗುವ ಬಟ್ಟೆಯಾದರೆ 35 ಸೆಂ.ಮೀ. ಉದ್ದದ ಒಳಪದರಕ್ಕೆ ಸುಮಾರು 39 ಸೆಂ.ಮೀ. ಕತ್ತರಿಸಬೇಕು. ಸಿದ್ಧವಾದಾಗ 35×12 ಸೆಂ.ಮೀ. ಇರುವ, 300 ಜಿ.ಎಸ್.ಎಂ. ಬಟ್ಟೆಯ ನಾಲ್ಕು ಪದರಗಳ ತೂಕ ಸುಮಾರು 50 ಗ್ರಾಂ. ಒಣಗಿದ್ದನ್ನು ತೂಗಿ, ನೀರಿನಲ್ಲಿ ನೆನೆಸಿ, ಹನಿ ನಿಲ್ಲುವವರೆಗೆ ತೂಗುಹಾಕಿ ಮತ್ತೆ ತೂಗಿದರೆ ವ್ಯತ್ಯಾಸವೇ ಅದರ ಧಾರಣಶಕ್ತಿ. ಗ್ರಾಂ ಎಂಬುದನ್ನು ಮಿ.ಲೀ. ಎಂದು ಓದಿಕೊಳ್ಳಬಹುದು. ದುಬಾರಿ ಪ್ರಯೋಗಾಲಯಕ್ಕೆ ಹೋಗುವ ಮುನ್ನ ಅಡುಗೆಮನೆಯ ತಕ್ಕಡಿಯೇ ಸಾಕು.

ಒಣಗುವಿಕೆಯೇ ಇನ್ನೊಂದು ಕಷ್ಟ. ಆರು ಪದರಗಳನ್ನು ಒಟ್ಟಿಗೆ ಹೊಲಿದ ದಪ್ಪ ಒಳಪದರವು ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಬೇಗನೆ ಒಣಗುವುದಿಲ್ಲ, ವಾಸನೆ ಹಿಡಿಯುತ್ತದೆ. ಬಿಡಿಸಿ ಒಣಹಾಕಿ, ಬಳಸುವಾಗ ಮಡಚಿಕೊಳ್ಳುವಂಥ ಉದ್ದನೆಯ ಎರಡು ಪದರದ ಪಟ್ಟಿಯೇ ನಮ್ಮ ಹವೆಗೆ ತಕ್ಕುದು. ಬಿಸಿಲಿನಲ್ಲಿ ಒಣಗಿದ ಹೆಂಪ್ ಬಿರುಸಾಗುತ್ತದೆ; ಕೈಯಲ್ಲಿ ಉಜ್ಜಿದರೆ ಸಡಿಲಗೊಳ್ಳುತ್ತದೆ. ಮೆದುಗೊಳಿಸುವ ದ್ರಾವಣ ಬಳಸಿದರೆ ಹೀರುವ ಗುಣವೇ ಕುಂದುತ್ತದೆ.

ಚೀಟಿಯ ಮೇಲಿನ ಮಾತು

ಹೆಂಪ್ 'ಸ್ವಭಾವತಃ ಬ್ಯಾಕ್ಟೀರಿಯಾ ನಿರೋಧಕ' ಎಂಬ ಮಾತು ಈ ವ್ಯಾಪಾರದಲ್ಲಿ ಬಹಳ ಸುಲಭವಾಗಿ ಓಡಾಡುತ್ತದೆ. ತಮ್ಮ ಬಟ್ಟೆಯ ಪರೀಕ್ಷಾ ವರದಿ ಕೈಯಲ್ಲಿಲ್ಲದೆ ಯಾರೂ ಅದನ್ನು ಮುದ್ರಿಸಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಣ್ಣ ಘಟಕವೊಂದರ ದುಡಿಯುವ ಬಂಡವಾಳವೇ ಅಷ್ಟಿರುವುದಿಲ್ಲ. ಅಮೆರಿಕಕ್ಕೆ ಕಳುಹಿಸುವವರಿಗೆ 2008ರ ಕಾಯ್ದೆಯಂತೆ ಮಕ್ಕಳ ಸಾಮಗ್ರಿಗಳಿಗೆ ಪರೀಕ್ಷೆಯ ಕಟ್ಟುಪಾಡುಗಳಿವೆ; ಟಿಚ್ ಬಟನ್‌ನಲ್ಲಿಯೂ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 100 ಭಾಗವನ್ನು ಮೀರುವಂತಿಲ್ಲ.

ಜೊಲ್ಲುಬಟ್ಟೆ, ಹಾಲುಣಿಸುವ ತಾಯಂದಿರ ಪ್ಯಾಡ್, ಮೈ ಒರೆಸುವ ಚೌಕಗಳು ಕತ್ತರಿಸಿ ಉಳಿದ ತುಂಡುಗಳಿಂದಲೇ ಆಗುತ್ತವೆ. ಕುಂಚಿಗೆ, ಕುಲಾವಿಗಳಿಗೆ ಈ ಬಟ್ಟೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ಅಲ್ಲಿ ಹೀರುವ ಗುಣಕ್ಕೆ ಕೆಲಸವಿಲ್ಲ, ಬೆಲೆ ಮಾತ್ರ ಹೆಚ್ಚು.

ಹೊಸಬರು ಪೂರ್ಣ ಡೈಪರ್‌ಗೆ ಕೈ ಹಾಕದೆ ಒಳಪದರವನ್ನಷ್ಟೇ ಹೊಲಿದು ಮಾರುವುದು ಉಚಿತ. ಇದಕ್ಕೆ ಲ್ಯಾಮಿನೇಟ್ ಬಟ್ಟೆ ಬೇಡ, ಬಟನ್ ಯಂತ್ರ ಬೇಡ. ಒಂದು ಓವರ್‌ಲಾಕ್, ಒಂದು ಸಾದಾ ಹೊಲಿಗೆ ಯಂತ್ರ ಸಾಕು. ಶೀರ್ಷಿಕೆ 9619ರ ಶಿಶು ನ್ಯಾಪ್ಕಿನ್‌ಗಳ ಮೇಲಿನ ಜಿ.ಎಸ್.ಟಿ.ಯು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಬಟ್ಟೆಯ ಪೂರ್ಣ ಥಾನು ತರಿಸುವ ಮುನ್ನ ಎರಡು ಮೀಟರು ಮಾದರಿ ತರಿಸಿ, ಐದಾರು ಬಾರಿ ಒಗೆದು, ಅಳತೆಯನ್ನೂ ತೂಕವನ್ನೂ ಬರೆದಿಟ್ಟುಕೊಳ್ಳಿರಿ.