ಕುಡಿತಕ್ಕೂ ಮನೋರೋಗಕ್ಕೂ ಮದ್ದುಂಟು: ಕೊಪ್ಪಳ ಜಿಲ್ಲೆಯಲ್ಲಿ ಚಿಕಿತ್ಸೆಯ ದಾರಿ

"ರಾತ್ರಿ ನಿದ್ದಿ ಇಲ್ರಿ, ಒಬ್ಬನ ಮಾತಾಡ್ತಾನ್ರಿ." ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಮನೋರೋಗದ ಸುದ್ದಿ ಹೊರಬರುವುದು ಹೀಗೆ. ಅಲ್ಲಿಂದ ಹುಲಿಗೆಮ್ಮ ದೇವಿಗೆ ಹರಕೆ, ತಾಯತ, ಅಂತ್ರ ಎನ್ನುತ್ತ ತಿಂಗಳುಗಳು ಕಳೆಯುತ್ತವೆ. ಹರಕೆ ಹೊತ್ತವರು ಆಸ್ಪತ್ರೆಗೂ ಹೋಗಬಹುದು, ಎರಡೂ ಕೂಡಿ ನಡೆಯಲಿ. ಆದರೆ ಆಸ್ಪತ್ರೆಯ ದಾರಿ ತಡವಾದಷ್ಟೂ ಗುಣವಾಗುವುದೂ ತಡವಾಗುತ್ತದೆ. 2015–16ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮದ್ಯವ್ಯಸನ ಇರುವ 100 ಮಂದಿಯಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈ ಕೊರತೆ ತುಂಬುವ ದಾರಿಯನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ, ಮಾತ್ರೆ ಕೊಡುವ ತರಬೇತಿ ನೀಡಿತು. ರೋಗಿ ಬೆಂಗಳೂರಿಗೆ ಅಲೆಯದೆ ತನ್ನೂರಿನ ಹತ್ತಿರವೇ ಚಿಕಿತ್ಸೆ ಪಡೆಯಬಹುದೆಂದು ಬಳ್ಳಾರಿಯ ಪ್ರಯೋಗ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮೊದಲು ಎಲ್ಲಿಗೆ ಹೋಗಬೇಕು?

ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೆ ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರಾಜ್ಯದ 'ಮನೋಚೈತನ್ಯ' ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಿದೆ. ಯಾವ ಮಂಗಳವಾರ ಯಾವ ತಾಲೂಕಿನ ಸರದಿ ಎಂದು ಮೊದಲೇ ಕೇಳಿಕೊಳ್ಳಿ. ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಮರಳಿದರೆ ಮತ್ತೆ ಬರುವುದು ಕಷ್ಟ. ತಾಲೂಕಿನಲ್ಲಿ ಆಗದ್ದಕ್ಕೆ ಕೊಪ್ಪಳದ ಜಿಲ್ಲಾ ಆಸ್ಪತ್ರೆ ಇದೆ. ಅದಕ್ಕೂ ಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್.

ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ 'ಟೆಲಿ ಮಾನಸ್' ಉಚಿತ ಸಹಾಯವಾಣಿಯಲ್ಲಿ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಕುಡಿತ ಮತ್ತು ಮಾದಕ ವಸ್ತುಗಳ ಚಟಕ್ಕೆ 14446 ಇದೆ. ಯಾರಾದರೂ ಪ್ರಾಣ ಕಳೆದುಕೊಳ್ಳುವ ಮಾತಾಡುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳನ್ನು ಮನೆಯಿಂದ ಆಚೆ ಸಾಗಿಸಿ.

ಆಣೆ ಮಾಡಿಸಿ ಕುಡಿತ ಬಿಡಿಸುವವರ ಗಮನಕ್ಕೆ

ವರ್ಷಗಟ್ಟಲೆ ದಿನವೂ ಕುಡಿದವನನ್ನು ದೇವರ ಮುಂದೆ ನಿಲ್ಲಿಸಿ, ತೆಂಗಿನಕಾಯಿ ಮುಟ್ಟಿಸಿ ಆಣೆ ಮಾಡಿಸುತ್ತಾರೆ. ಅವನೂ ಮನಸಾರೆ ಬಿಡುತ್ತಾನೆ. ಮರುದಿನವೇ ಕೈ ನಡುಕ, ಬೆವರು, ವಾಂತಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಕೆಲವೊಮ್ಮೆ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಮೈಮೇಲೆ ಹುಳ ಹರಿದಾಡುತ್ತಿವೆ ಎಂದು ಕೊಡವಿಕೊಳ್ಳುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ, ಮನೆಯವರ ಗುರುತು ಹಿಡಿಯುವುದಿಲ್ಲ. "ಗಾಳಿ ಸೋಕೈತಿ" ಎಂದು ಮತ್ತೆ ಗುಡಿಗೆ ಎಳೆದೊಯ್ಯುತ್ತಾರೆ.

ಇದು ಗಾಳಿಯಲ್ಲ. ಮದ್ಯಕ್ಕೆ ಒಗ್ಗಿದ ಮಿದುಳಿಗೆ ಅದು ಏಕಾಏಕಿ ನಿಂತಾಗ ಆಗುವ ಅಪಾಯದ ಸ್ಥಿತಿ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. 108ಕ್ಕೆ ಫೋನ್ ಮಾಡಿ ಕೂಡಲೇ ಆಸ್ಪತ್ರೆಗೆ ಸೇರಿಸಿ. ಅಲ್ಲಿ ಬಿ1 ವಿಟಮಿನ್ನಿನ ಇಂಜೆಕ್ಷನ್ ಕೊಡುತ್ತಾರೆ, ನಡುಕ ಮತ್ತು ಫಿಟ್ಸ್ ತಡೆಯುವ ಔಷಧವನ್ನು ಕೆಲವು ದಿನ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ದಿನವೂ ಕುಡಿಯುವವರು ಬಿಡಬೇಕೆಂದಾಗ ಮೊದಲು ವೈದ್ಯರಿಗೆ ತೋರಿಸಬೇಕು, ಆಣೆ ಆಮೇಲೂ ಮಾಡಬಹುದು. ಸಾರಿನಲ್ಲಿ, ಚಹಾದಲ್ಲಿ ಗುಟ್ಟಾಗಿ ಪುಡಿ ಬೆರೆಸಲೇಬೇಡಿ. ಕುಡಿತ ಬಿಡಿಸುವ ಕೆಲವು ಮಾತ್ರೆಗಳ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಸಾವೂ ಬರಬಹುದು.

ಗುಳೆ ಹೋಗುವವರ ಮಾತ್ರೆ

ನೀರಾವರಿಯ ಗಂಗಾವತಿಯ ಪರಿಸ್ಥಿತಿ ಬೇರೆ, ಒಣಬೇಸಾಯದ ಕುಷ್ಟಗಿ, ಯಲಬುರ್ಗಾದ್ದು ಬೇರೆ. ಹಿಂಗಾರು ಮುಗಿಯುತ್ತಲೇ ಈ ಕಡೆಯ ಎಷ್ಟೋ ಕುಟುಂಬಗಳು ಮಂಗಳೂರು, ಬೆಂಗಳೂರು, ಗೋವಾಕ್ಕೆ ಗುಳೆ ಹೊರಡುತ್ತವೆ, ಚಿಕಿತ್ಸೆ ಅಲ್ಲಿಗೆ ತುಂಡಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯಂತೆ ಮನೋರೋಗದ ಮಾತ್ರೆಯನ್ನೂ ಹುಷಾರಾದೆನೆಂದು ನಡುವೆ ನಿಲ್ಲಿಸಬಾರದು. ಹೊರಡುವ ಮುಂಚೆ ವೈದ್ಯರಿಗೆ ಹೇಳಿ ಹೆಚ್ಚಿನ ದಿನಗಳ ಮಾತ್ರೆ ಕೇಳಿ. ಚೀಟಿಯ ಫೋಟೊ ಫೋನಿನಲ್ಲಿರಲಿ. ಮಂಗಳೂರಿನಲ್ಲಿ ವೆನ್‌ಲಾಕ್ ಆಸ್ಪತ್ರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್, ಗೋವಾದ ಬಾಂಬೋಳಿಯಲ್ಲಿ ಸರ್ಕಾರಿ ಮನೋರೋಗ ಆಸ್ಪತ್ರೆ ಇವೆ.

ಹೆಣ್ಣುಮಕ್ಕಳ ನೋವು

ಹೆಣ್ಣುಮಕ್ಕಳು ವೈದ್ಯರ ಮುಂದೆ ಹೇಳುವುದು ಸೊಂಟನೋವು, ಎದೆ ಉರಿ, ನಿಶ್ಶಕ್ತಿ. ಅದರ ಹಿಂದೆ ಖಿನ್ನತೆ ಇರಬಹುದು, ಕುಡಿದು ಬಂದ ಗಂಡನ ಹೊಡೆತವೂ ಇರಬಹುದು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದರೂ ಕುಡಿತ ಮಾತ್ರ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದದ್ದು ಈ ಸಂಕಟಕ್ಕಾಗಿಯೇ. ಗಂಡ ಆಸ್ಪತ್ರೆಗೆ ಬರಲು ಒಪ್ಪದಿದ್ದರೂ ಹೆಂಡತಿ ತನ್ನ ನಿದ್ದೆಗೆ, ತನ್ನ ಭಯಕ್ಕೆ ಚಿಕಿತ್ಸೆ ಕೇಳಬಹುದು. ಹೊಡೆತವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಇದು ದಯೆಯಲ್ಲ, ಹಕ್ಕು

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ, ಮಾದಕ ವಸ್ತುಗಳ ವ್ಯಸನದಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಕೈಯಲ್ಲಿಲ್ಲದಿದ್ದರೂ, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಪುಕ್ಕಟೆ ಸಿಗಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದಕ್ಕೆ ನಿಷೇಧವಿದೆ. ಹಕ್ಕು ಸಿಗದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ ಉಚಿತ ನೆರವು ಕೇಳಿ.

ಕೊಪ್ಪಳ ಪಟ್ಟಣದವರಿಗೆ ಸಿಗುವ ಚಿಕಿತ್ಸೆ ಯಲಬುರ್ಗಾದ ಕಡೆಯ ಹಳ್ಳಿಯ ಕೂಲಿಯವ್ವನಿಗೂ ಸಿಗಬೇಕಾದರೆ ಊರೂ ಕೈಜೋಡಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ನಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಯಾವ ಮಂಗಳವಾರ? ಮಾತ್ರೆಗಳ ದಾಸ್ತಾನು ಇದೆಯೇ? ಉತ್ತರವನ್ನು 14416ರ ಜೊತೆಗೆ ಪಂಚಾಯಿತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.