ಮಾತು ಬರುವ ಪೆಟ್ಟಿಗೆ

ಹೋಂ ಥಿಯೇಟರಿನ ಸ್ಪೀಕರ್‌ಗಳಲ್ಲಿ ಟಿ.ವಿ.ಯ ಕೆಳಗೆ ಅಡ್ಡಲಾಗಿ ಮಲಗಿರುವುದು ಸೆಂಟರ್ ಸ್ಪೀಕರ್. 5.1 ಧ್ವನಿಯ ಸಿನಿಮಾದಲ್ಲಿ ಸಂಭಾಷಣೆಯ ಬಹುಪಾಲು ಈ ಒಂದೇ ಪೆಟ್ಟಿಗೆಯಿಂದ ಬರುತ್ತದೆ. ಹಾಡು, ಗುಡುಗು, ಹೊಡೆದಾಟದ ಸದ್ದೆಲ್ಲ ಕಿವಿಗಡಚಿಕ್ಕುವಷ್ಟಿದ್ದು ಮಾತು ಮಾತ್ರ ತಿಳಿಯದಿದ್ದರೆ ಮೊದಲು ಗಮನ ಹರಿಸಬೇಕಾದದ್ದು ಇದರ ಕಡೆಗೆ. ಆದರೂ ಮನೆಗಳಲ್ಲಿ ಹಣ ಮೊದಲು ಹೋಗುವುದು ಸಬ್‌ವೂಫರಿಗೆ.

ಮಾತಿಗೆ ನಡುವೆಯೇ ಒಂದು ಸ್ಪೀಕರ್ ಬೇಕೆಂಬುದು ಹಳೆಯ ಅರಿವು. 1933ರ ಏಪ್ರಿಲ್‌ನಲ್ಲಿ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದ ವಾದ್ಯವೃಂದದ ಕಛೇರಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿದಾಗ ಎಡ, ನಡು, ಬಲ ಎಂದು ಮೂರು ವಾಹಿನಿಗಳನ್ನು ಬಳಸಿದ್ದರು. ಎರಡೇ ಸ್ಪೀಕರ್ ಇದ್ದರೆ ಸರಿಯಾಗಿ ಮಧ್ಯದಲ್ಲಿ ಕೂತವರಿಗೆ ಮಾತ್ರ ದನಿ ನಡುವಿನಿಂದ ಬಂದಂತೆ ಕೇಳುತ್ತದೆ. ಒಂದಿಷ್ಟು ಸರಿದರೂ ಅದು ಹತ್ತಿರದ ಸ್ಪೀಕರಿಗೆ ಜಾರಿಬಿಡುತ್ತದೆ. ಚಿತ್ರಮಂದಿರದ ಪರದೆಯಲ್ಲಿ ಸಣ್ಣ ಸಣ್ಣ ತೂತುಗಳಿರುವುದು, ಅದರ ಹಿಂದೆ ನಡುವಿನ ಸ್ಪೀಕರ್ ನಿಲ್ಲುವುದು ಇದೇ ಕಾರಣಕ್ಕೆ. ಮೂಲೆಯ ಸೀಟು ಸಿಕ್ಕವರಿಗೂ ಮಾತು ನಟನ ಬಾಯಿಂದಲೇ ಬಂದಂತಿರುತ್ತದೆ.

1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಜ್‌ನಲ್ಲಿ ಕೇಳಿ ಬೆಳೆದ ಮನೆಗಳಿಗೆ ಮಾತು ಒಂದೇ ಪೆಟ್ಟಿಗೆಯಿಂದ ಬರುವುದು ಹೊಸದೇನಲ್ಲ. ಮಧ್ಯಮ ತರಂಗದ ಪ್ರಸಾರ ಸುಮಾರು 5,000 ಹರ್ಟ್ಜ್‌ನ ಆಚೆಗಿನ ಧ್ವನಿಯನ್ನು ಹೊರುತ್ತಲೇ ಇರಲಿಲ್ಲ. ಆದರೂ ವಾರ್ತೆ ಅಡುಗೆಮನೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ರೇಡಿಯೋದಲ್ಲಿದ್ದದ್ದು ಒಂದೇ ಸ್ಪೀಕರ್. ಅದರ ದನಿಗೆ ಅಡ್ಡ ಬರುವ ಇನ್ನೊಂದು ಇರಲಿಲ್ಲ. ಇಂದಿನ ಎಷ್ಟೋ ಸೆಂಟರ್ ಸ್ಪೀಕರ್‌ಗಳು ಎಡವುವುದು ಇಲ್ಲಿಯೇ.

ಸಾಮಾನ್ಯ ಸೆಂಟರ್ ಸ್ಪೀಕರಿನಲ್ಲಿ ನಡುವೆ ಮೇಲ್ದನಿಗೆ ಒಂದು ಟ್ವೀಟರ್, ಅದರ ಎರಡು ಬದಿಗೆ ಅದಕ್ಕಿಂತ ಕೆಳಗಿನ ದನಿಗೆ ಒಂದೊಂದು ವೂಫರ್ ಇರುತ್ತವೆ. ನೋಡಲು ಚೆಂದ, ಟಿ.ವಿ.ಯ ಕೆಳಗೆ ಸಲೀಸಾಗಿ ಕೂರುತ್ತದೆ. ತೊಂದರೆಯಾಗುವುದು ಪಕ್ಕದಲ್ಲಿ ಕೂತವರಿಗೆ. ವೂಫರ್‌ಗಳ ನಡುವೆ 25 ಸೆಂಟಿಮೀಟರ್ ಅಂತರವಿದೆ ಎನ್ನೋಣ. ಎಂಟು ಅಡಿ ದೂರದಲ್ಲಿ, ಮಧ್ಯದಿಂದ ಮೂರು ಅಡಿ ಪಕ್ಕಕ್ಕೆ ಕೂತವರು ಸುಮಾರು 20 ಡಿಗ್ರಿ ಓರೆಯಲ್ಲಿರುತ್ತಾರೆ. ಒಂದು ವೂಫರಿನ ದನಿ ಇನ್ನೊಂದರದಕ್ಕಿಂತ ಎಂಟೂವರೆ ಸೆಂಟಿಮೀಟರ್ ಹೆಚ್ಚು ದೂರ ಸಾಗಿ ಅವರ ಕಿವಿ ಮುಟ್ಟುತ್ತದೆ. 2,000 ಹರ್ಟ್ಜ್ ಧ್ವನಿಯ ತರಂಗದ ಉದ್ದ ಸುಮಾರು 17 ಸೆಂಟಿಮೀಟರ್. ಅದರ ಅರ್ಧದಷ್ಟು ಹಿಂದುಮುಂದಾದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿಸಿಹೋಗುತ್ತವೆ. ಟ್ವೀಟರ್ ಇನ್ನೂ ಮೇಲಿನಿಂದ ಕೆಲಸ ಶುರುಮಾಡುವ ಪೆಟ್ಟಿಗೆಯಲ್ಲಿ ಆ ಜಾಗ ಬರಿದಾಗುತ್ತದೆ.

ಕನ್ನಡದ ಕಿವಿಗೆ ಈ ನಷ್ಟ ಚಿಕ್ಕದಲ್ಲ. ‘ಬೆಲೆ’ಗೂ ‘ಬೆಳೆ’ಗೂ, ‘ಹಾಲು’ ‘ಹಾಳು’ಗಳಿಗೂ ಇರುವ ವ್ಯತ್ಯಾಸ ನಾಲಗೆ ಹಿಂದಕ್ಕೆ ಮಡಿಚುವುದರಲ್ಲಿದೆ. ಹಾಗೆ ಮಡಿಚಿದಾಗ ಧ್ವನಿಯ ಮೂರನೆಯ ಅನುರಣನ ಕೆಳಗಿಳಿಯುತ್ತದೆ. ಈ ಇಳಿತ ನಡೆಯುವುದು ಹೆಚ್ಚಾಗಿ 2,000ದಿಂದ 3,000 ಹರ್ಟ್ಜ್‌ನ ಆಸುಪಾಸಿನಲ್ಲಿ. ‘ಸ’ಕಾರದ ಸಿಳ್ಳಿನಂಥ ಸದ್ದು ಇನ್ನೂ ಮೇಲಿನದು; ಅದನ್ನು ಟ್ವೀಟರ್ ನೋಡಿಕೊಳ್ಳುತ್ತದೆ. ಲ-ಳ, ನ-ಣಗಳ ಭೇದ ಮಾತ್ರ ವೂಫರ್ ಮತ್ತು ಟ್ವೀಟರ್ ಕೆಲಸ ಹಂಚಿಕೊಳ್ಳುವ ಗಡಿಯಲ್ಲೇ ಬಂದು ನಿಲ್ಲುತ್ತದೆ. ಕನ್ನಡ ಸಿನಿಮಾ ನೋಡುವ ಮನೆಗೆ ಸೆಂಟರ್ ಸ್ಪೀಕರ್ ಆರಿಸುವಾಗ ವ್ಯಾಟ್‌ ಲೆಕ್ಕಕ್ಕಿಂತ ಈ ಗಡಿಯೇ ಮುಖ್ಯ.

ಪರಿಹಾರಗಳಿವೆ. ಟ್ವೀಟರಿನ ಕೆಳಗೋ ಮೇಲೋ ಒಂದು ಸಣ್ಣ ಮಿಡ್‌ರೇಂಜ್ ಇರುವ ತ್ರೀ-ವೇ ಪೆಟ್ಟಿಗೆಯಲ್ಲಿ ಮಾತಿನ ಮುಖ್ಯ ಭಾಗವನ್ನು ಅದೊಂದೇ ನುಡಿಯುತ್ತದೆ, ಬದಿಯ ವೂಫರ್‌ಗಳು ಕೆಳದನಿಗಷ್ಟೇ ಸೀಮಿತ. ಕೆಇಎಫ್‌ನ ಯುನಿ-ಕ್ಯೂ ಮಾದರಿಯಲ್ಲಿ ಟ್ವೀಟರ್ ಇನ್ನೊಂದು ಕೋನಿನ ಒಡಲಲ್ಲೇ ಇರುತ್ತದೆ. ಎಲ್ಲಕ್ಕಿಂತ ಸರಳವಾದದ್ದು, ಎಡಬಲಕ್ಕೆ ಇರುವಂಥದ್ದೇ ಇನ್ನೊಂದು ಬುಕ್‌ಶೆಲ್ಫ್ ಸ್ಪೀಕರನ್ನು ನಡುವೆ ನೆಟ್ಟಗೆ ನಿಲ್ಲಿಸುವುದು. ಟಿ.ವಿ.ಯನ್ನು ಗೋಡೆಗೆ ಒಂದಡಿ ಎತ್ತರಿಸಲು ಒಪ್ಪುವ ಮನೆಯಲ್ಲಿ ಇದನ್ನು ಮೀರಿಸುವ ಆಯ್ಕೆ ಕಡಿಮೆ. ಯಾವುದನ್ನೇ ಕೊಂಡರೂ ಎಡಬಲದ ಸ್ಪೀಕರ್‌ಗಳ ಕಂಪನಿ, ಸರಣಿಯದ್ದೇ ಆಗಿರುವುದು ಒಳ್ಳೆಯದು. ಇಲ್ಲವಾದರೆ ಪರದೆಯ ಮೇಲೆ ಕಾರು ಎಡದಿಂದ ಬಲಕ್ಕೆ ಸಾಗುವಾಗ ನಡುವಿನಲ್ಲಿ ಅದರ ಸದ್ದಿನ ಬಣ್ಣವೇ ಬದಲಾಗುತ್ತದೆ.

ಪ್ಲೇಯರ್, ಸ್ಪೀಕರ್ ಎಲ್ಲವೂ ಒಂದೇ ಡಬ್ಬಿಯಲ್ಲಿ ಬಂದ ಹಳೆಯ ಸೆಟ್‌ಗಳ ಮಾತು ಬೇರೆ. ಅವುಗಳಲ್ಲಿ ಎಷ್ಟೋ 3 ಅಥವಾ 4 ಓಮ್‌ನ ಸ್ಪೀಕರಿಗೆಂದೇ ತಯಾರಾದವು, ಪ್ಲಗ್ಗು ಕೂಡ ಅವುಗಳದ್ದೇ. ಅಲ್ಲಿ ಸೆಂಟರ್ ಒಂದನ್ನೇ ಬದಲಿಸಿದರೆ ಹಣ ದಂಡ. ಮೊದಲು ಎವಿ ರಿಸೀವರ್ ಬರಬೇಕು. ರಿಸೀವರ್ ಇರುವಲ್ಲಿ ಓಮ್‌ನ ಜೊತೆಗೆ ಸಂವೇದನೆಯ ಅಂಕಿಯನ್ನೂ ನೋಡಬೇಕು. 87 ಡೆಸಿಬೆಲ್‌ನ ಸ್ಪೀಕರ್ 90ರದ್ದರಷ್ಟು ಜೋರಾಗಿ ನುಡಿಯಲು ಎರಡರಷ್ಟು ವಿದ್ಯುತ್ ಬೇಡುತ್ತದೆ.

ಸ್ಪೀಕರ್ ಎಷ್ಟೇ ಒಳ್ಳೆಯದಾದರೂ ಕೋಣೆ ಅದನ್ನು ಕೆಡಿಸಬಲ್ಲದು. ಶಿವಮೊಗ್ಗದ ಹೊಸ ಬಡಾವಣೆಗಳ ತಾರಸಿ ಮನೆಗಳಲ್ಲಿ ನುಣುಪು ಟೈಲ್ಸ್, ಬರಿಗೋಡೆ, ಗಾಜಿನ ಕಿಟಕಿ. ಒಂದೊಂದು ಅಕ್ಷರವೂ ಪ್ರತಿಧ್ವನಿಸಿ ಮುಂದಿನದರ ಮೇಲೆ ಬೀಳುತ್ತದೆ. ದಪ್ಪ ಪರದೆ, ಸೋಫಾದ ಮುಂದೆ ಹಾಸಿದ ಜಮಖಾನ ಇವಿಷ್ಟರಿಂದಲೇ ಮಾತು ತಿಳಿಯಾಗುತ್ತದೆ. ಹಂಚಿನ ಮನೆಯಲ್ಲಿ ಪ್ರತಿಧ್ವನಿ ಕಡಿಮೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸದ್ದಿನೊಡನೆ ಪೈಪೋಟಿ. ತೇವವೂ ಸೇರಿ ವೂಫರಿನ ಅಂಚಿನ ಫೋಮ್ ಕೆಲವೇ ವರ್ಷಗಳಲ್ಲಿ ಪುಡಿಯಾಗಬಹುದು. ಮಲೆನಾಡಿನ ಸೆರಗಿನ ಊರಿಗೆ ರಬ್ಬರ್ ಅಂಚಿನದೇ ಸರಿ.

ಪೆಟ್ಟಿಗೆಯನ್ನು ಶೋಕೇಸಿನ ಗೂಡಿನೊಳಗೆ ತಳ್ಳಿದರೆ ಗಂಡುದನಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಟ್ಟುತ್ತದೆ. ಅದರ ಮುಖ ಹಲಗೆಯ ಅಂಚಿಗೆ ಸಮನಾಗಿರಬೇಕು. ಕಿವಿಯ ಮಟ್ಟಕ್ಕಿಂತ ಕೆಳಗಿದ್ದರೆ ಮುಂಭಾಗಕ್ಕೆ ಒಂದು ರಬ್ಬರ್ ತುಂಡು ಕೊಟ್ಟು ಮೇಲ್ಮುಖ ಮಾಡಬೇಕು. ರಿಸೀವರಿನ ಮೆನುವಿನಲ್ಲಿ ಸೆಂಟರನ್ನು ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸ್‌ಓವರನ್ನು 80 ಹರ್ಟ್ಜ್‌ನ ಸುತ್ತ ಇಟ್ಟರೆ ಕೆಳದನಿ ಸಬ್‌ವೂಫರಿಗೆ ಹೋಗಿ ಮಾತು ಹಗುರಾಗುತ್ತದೆ. ದೂರವನ್ನು ಟೇಪು ಹಿಡಿದು ಅಳೆದು ತುಂಬಬೇಕು. ಮಟ್ಟವನ್ನು 2-3 ಡೆಸಿಬೆಲ್ ಏರಿಸಿದಾಗಲೇ ಹಳೆಯ ಸ್ಪೀಕರಿನ ಮೇಲಿನ ದೂರು ತೀರಿಬಿಟ್ಟರೆ ಹೊಸದರ ಅಗತ್ಯವೇ ಇಲ್ಲ.

ಕೊಳ್ಳುವುದೇ ಆದರೆ, ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯಾಗಲಿ ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ಹೊಡೆದಾಟದ ದೃಶ್ಯ ಹಾಕಿಸಿ ಕೇಳುವುದರಿಂದ ಏನೂ ತಿಳಿಯುವುದಿಲ್ಲ. ತಾಳಮದ್ದಳೆಯ ಧ್ವನಿಮುದ್ರಣ ಒಳ್ಳೆಯ ಪರೀಕ್ಷೆ: ಅಲ್ಲಿರುವುದು ಮುಖ್ಯವಾಗಿ ಮಾತು, ಅದೂ ಅರ್ಥಧಾರಿಗಳ ಬಿರುಸಿನ ಮಾತು. ಅದು ಸ್ಟೀರಿಯೊ ಆಗಿದ್ದರೆ ರಿಸೀವರನ್ನು ಪ್ರೊಲಾಜಿಕ್‌ನಂಥ ಸರೌಂಡ್ ಮೋಡ್‌ಗೆ ಹಾಕಬೇಕು. ಇಲ್ಲವಾದರೆ ಸೆಂಟರ್ ಬಾಯಿಯೇ ಬಿಡುವುದಿಲ್ಲ. ಮೊದಲು ಮಧ್ಯದಲ್ಲಿ ಕೂತು, ಆಮೇಲೆ ಸೋಫಾದ ತುದಿಗೆ ಸರಿದು, ಫ್ಯಾನ್ ತಿರುಗುತ್ತಿರುವಾಗಲೇ ‘ಳ’ಕಾರಗಳಿಗೆ ಕಿವಿಗೊಡಬೇಕು.