ತಿರುಗುವ ಕಲ್ಲೂ ದಾರದ ಎಳೆತವೂ

ನಮ್ಮ ಶಾಲೆಯಿಂದ ಕಾಲೇಜಿಗೆ ಹೋದ ವಿದ್ಯಾರ್ಥಿನಿಯರು ರಜೆಯಲ್ಲಿ ನಮ್ಮನ್ನು ಕಾಣಲು ಬಂದಾಗ ಭೌತಶಾಸ್ತ್ರದ ಪುಸ್ತಕವನ್ನು ತೆರೆದು ತೋರಿಸುವ ಕಠಿಣವಾದ ಲೆಕ್ಕಗಳಲ್ಲಿ ಶಂಕುಲೋಲಕದ ಲೆಕ್ಕವೂ ಒಂದಾಗಿದೆ. ಕೆಲವರು ಇದೊಂದರ ದೆಸೆಯಿಂದಲೇ ಆ ಶಾಸ್ತ್ರವು ತಮ್ಮ ಬುದ್ಧಿಗೆ ಎಟುಕದೆಂದು ತೀರ್ಮಾನಿಸಿ ಅದನ್ನು ಬಿಡಲು ಹೊರಡುವದುಂಟು, ಹೆತ್ತವರೂ ಒಡಂಬಡುವರು. ಆದರೆ ಇದರಲ್ಲಿ ತಪ್ಪು ನುಸುಳುವದು ಬಹುಮಟ್ಟಿಗೆ ಒಂದೇ ಸ್ಥಳದಲ್ಲಿ.

ದಾರದ ತುದಿಗೆ ಕಲ್ಲನ್ನು ಕಟ್ಟಿ, ಇನ್ನೊಂದು ತುದಿಯನ್ನು ಮೇಲೆ ಹಿಡಿದು, ಕಲ್ಲು ಒಂದೇ ಮಟ್ಟದಲ್ಲಿ ಸಮವೇಗದಿಂದ ಸುತ್ತುವಂತೆ ಮಾಡಿದರೆ ದಾರವು ಗಾಳಿಯಲ್ಲಿ ಶಂಕುವಿನ ಆಕಾರವನ್ನು ರಚಿಸುವದು. ಇದರಿಂದಲೇ ಆ ಹೆಸರು. ರಾಬರ್ಟ್ ಹುಕ್ ಎಂಬವನು 1666ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನು ಗ್ರಹಗಳ ಚಲನೆಗೆ ದೃಷ್ಟಾಂತವಾಗಿ ತೋರಿಸಿದನು. ಜೇಮ್ಸ್ ವಾಟನು 1788ರಲ್ಲಿ ಉಗಿಯಂತ್ರದ ವೇಗವನ್ನು ಹತೋಟಿಯಲ್ಲಿಡಲು ಬಳಸಿದ ಎರಡು ಗುಂಡುಗಳ ಸಾಧನವೂ ಇದೇ ತತ್ವದ್ದು.

ಚಿತ್ರ ಬರೆಯುವಾಗ ಹುಡುಗಿಯರು ಕಲ್ಲಿನ ಮೇಲೆ ಮೂರು ಬಾಣಗಳನ್ನು ಎಳೆಯುವರು: ಕೆಳಕ್ಕೆ ಭಾರ, ದಾರದ ಗುಂಟ ಎಳೆತ, ವೃತ್ತದ ನಡುವಿಗೆ ಕೇಂದ್ರಾಭಿಮುಖ ಬಲ. ಮೂರನೆಯದನ್ನು ಅಳಿಸಿಬಿಡಬೇಕು. ಗಾಳಿಯ ತಡೆಯನ್ನು ಬಿಟ್ಟರೆ, ಕಲ್ಲನ್ನು ಮುಟ್ಟಿರುವದು ದಾರವೊಂದೇ, ದೂರದಿಂದ ಸೆಳೆಯುವದು ಭೂಮಿಯೊಂದೇ; ಹೀಗಿರಲಾಗಿ ಮೂರನೆಯ ಬಲವನ್ನು ಕೊಡುವವರು ಯಾರು? ಓರೆಯಾದ ಎಳೆತದ ಅಡ್ಡಭಾಗಕ್ಕೇ ಕೇಂದ್ರಾಭಿಮುಖ ಬಲವೆಂದು ಹೆಸರು. ಅದನ್ನು ಬೇರೆಯಾಗಿ ಎಣಿಸುವದು, ಸಂಬಳದಲ್ಲಿ ಅಕ್ಕಿಗೆಂದು ತೆಗೆದಿಟ್ಟ ಹಣವನ್ನು ಪುನಃ ವರಮಾನದಲ್ಲಿ ಬರೆದಂತೆಯೇ ಸರಿ.

ಕಲ್ಲು ಏರುವದೂ ಇಲ್ಲ, ಇಳಿಯುವದೂ ಇಲ್ಲ. ಆದಕಾರಣ ಎಳೆತದ ಲಂಬಭಾಗವು, ಅಂದರೆ ಎಳೆತವನ್ನು ಕೋನದ ಕೊಸೈನಿನಿಂದ ಗುಣಿಸಿದ್ದು, ಭಾರಕ್ಕೆ ಸಮ. ಕೋನವನ್ನು ಲಂಬರೇಖೆಯಿಂದ ಅಳೆಯತಕ್ಕದ್ದು. ಸೈನಿನಿಂದ ಗುಣಿಸಿದ ಅಡ್ಡಭಾಗವು, ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದ್ದಕ್ಕೆ ಸಮ. ತ್ರಿಜ್ಯವೆಂದರೆ ದಾರದ ಉದ್ದವಲ್ಲ. ಉದ್ದವನ್ನು ಸೈನಿನಿಂದ ಗುಣಿಸಿದರೆ ಬರುವದು.

1 ಮೀಟರ್ ದಾರ, 200 ಗ್ರಾಮ್ ಕಲ್ಲು, 60 ಡಿಗ್ರಿ ಕೋನವೆಂದಿಟ್ಟುಕೊಳ್ಳೋಣ. ಕಲ್ಲಿನ ಭಾರ 1.96 ನ್ಯೂಟನ್. 60 ಡಿಗ್ರಿಯ ಕೊಸೈನು ಅರ್ಧವಾದುದರಿಂದ ಎಳೆತವು ಭಾರದ ಎರಡರಷ್ಟು, 3.92 ನ್ಯೂಟನ್. ತ್ರಿಜ್ಯ 0.866 ಮೀಟರ್, ವೇಗ ಸೆಕೆಂಡಿಗೆ ಸುಮಾರು 3.83 ಮೀಟರ್, ಒಂದು ಸುತ್ತಿಗೆ ಸುಮಾರು 1.42 ಸೆಕೆಂಡು.

ಎರಡನೆಯ ಸಮೀಕರಣವನ್ನು ಮೊದಲನೆಯದರಿಂದ ಭಾಗಿಸಿದರೆ ದ್ರವ್ಯರಾಶಿಯು ಮಾಯವಾಗುವದು! ಜಾತ್ರೆಯಲ್ಲಿ ಸರಪಣಿಗೆ ತೂಗಿದ ಆಸನಗಳು ಸುತ್ತುವ ಆಟವನ್ನು ನೋಡಿರಿ: ಒಂದೇ ಸಾಲಿನಲ್ಲಿ ಸ್ಥೂಲಕಾಯದ ತಾಯಿಯೂ ಸಣಕಲು ಮಗಳೂ ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ಹಾರುತ್ತಾರೆ. ಸರಪಣಿಯ ಮೇಲಣ ಎಳೆತ ಮಾತ್ರ ತಾಯಿಯದು ಹೆಚ್ಚು.

ವೇಗ ಹೆಚ್ಚಿದಂತೆ ಕೋನವೂ ಎಳೆತವೂ ಹೆಚ್ಚುವವು. 80 ಡಿಗ್ರಿಗೆ ಎಳೆತವು ಭಾರದ ಐದೂಮುಕ್ಕಾಲರಷ್ಟಾಗುವದು; ದಾರವು ಪೂರ್ಣವಾಗಿ ಅಡ್ಡವಾಗುವದಂತೂ ಅಸಾಧ್ಯ, ಆಗ ಭಾರವನ್ನು ಹೊರಲು ಲಂಬಭಾಗವೇ ಉಳಿಯದು. ಭಾರದ ಮೂರರಷ್ಟನ್ನು ಮಾತ್ರ ತಾಳುವ ದಾರವು ಸುಮಾರು 70½ ಡಿಗ್ರಿಯನ್ನು ದಾಟುತ್ತಲೇ ಹರಿಯುವದು. ಆಗ ಕಲ್ಲು ಕೇಂದ್ರದಿಂದ ನೇರವಾಗಿ ಹೊರಕ್ಕೆ ಚಿಮ್ಮದೆ ವೃತ್ತದ ಸ್ಪರ್ಶರೇಖೆಯ ದಿಕ್ಕಿಗೆ ಹೊರಟು ನೆಲಕ್ಕೆ ಬೀಳುವದು. ಮನೆಯಲ್ಲಿ ಪರೀಕ್ಷಿಸುವವರು ಕಲ್ಲಿಗೆ ಬದಲಾಗಿ ಬಟ್ಟೆಯ ಉಂಡೆಯನ್ನು ಕಟ್ಟುವದು ಲೇಸು.